ಕೃಷಿ ದತ್ತಾಂಶಕ್ಕೆ ಏಕರೂಪದ ವಿನ್ಯಾಸ ಮಾನದಂಡ: ಪ್ರಗತಿ, ಮುಂದಿನ ಯೋಜನೆ ಮತ್ತು ಜನವಾಡ ಭಾಗದ ರೈತರು ಗಮನಿಸಬೇಕಾದ ಅಂಶಗಳು

ಪೀಠಿಕೆ

ಬಿತ್ತನೆ ಬೀಜದ ಸಹಾಯಧನ, ಬೆಳೆ ವಿಮೆ, ಬೆಳೆ ಸಾಲ, ಬೆಂಬಲ ಬೆಲೆಯಲ್ಲಿ ಖರೀದಿ, ಬೆಳೆ ಹಾನಿ ಪರಿಹಾರ ಇವೆಲ್ಲವೂ ಇಂದು ಗಣಕಯಂತ್ರದಲ್ಲಿ ದಾಖಲಾದ ಮಾಹಿತಿಯನ್ನು ಅವಲಂಬಿಸಿವೆ. ರೈತರ ಹೆಸರು, ಸರ್ವೆ ನಂಬರ್, ವಿಸ್ತೀರ್ಣ, ಬೆಳೆ ಮತ್ತು ಬ್ಯಾಂಕ್ ಖಾತೆ ಎಂಬ ಐದು ಸಂಗತಿಗಳು ಎಲ್ಲ ಕಡೆಯೂ ಒಂದೇ ರೀತಿಯಲ್ಲಿದ್ದರೆ ಸೌಲಭ್ಯವು ಸಕಾಲದಲ್ಲಿ ತಲುಪುತ್ತದೆ. ಇವುಗಳಲ್ಲಿ ಒಂದು ಹೊಂದಿಕೆಯಾಗದಿದ್ದರೂ ಹೊಲದಲ್ಲಿ ಬೆಳೆ ಇದ್ದು ಕಡತದಲ್ಲಿ ಇಲ್ಲದಂತಾಗುತ್ತದೆ.

ಈ ತೊಂದರೆಯನ್ನು ನಿವಾರಿಸಲು ಹಲವು ಇಲಾಖೆಗಳ ಗಣಕ ವ್ಯವಸ್ಥೆಗಳನ್ನು ಒಂದೇ ನಕ್ಷೆಯ ಮೇಲೆ ಹೊಂದಿಸುವ ಕಾರ್ಯವು ರಾಜ್ಯ ಹಾಗೂ ರಾಷ್ಟ್ರ ಮಟ್ಟದಲ್ಲಿ ನಡೆಯುತ್ತಿದೆ. ತಂತ್ರಜ್ಞರು ಇದನ್ನು ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಎಂದು ಕರೆಯುತ್ತಾರೆ. ಈ ಲೇಖನದಲ್ಲಿ ಅದನ್ನು ಸಮಗ್ರ ವ್ಯವಸ್ಥಾ ವಿನ್ಯಾಸ ಎಂದು ಕರೆಯಲಾಗಿದೆ. ಈ ಮಾನದಂಡವು ಎಲ್ಲಿಯವರೆಗೆ ಬಂದಿದೆ, ಏನು ಬಾಕಿಯಿದೆ ಮತ್ತು ಬೀದರ ತಾಲ್ಲೂಕಿನ ಜನವಾಡ, ನೆರೆಯ ಭಾಲ್ಕಿ ಮತ್ತು ಔರಾದ ಭಾಗದ ರೈತರು ಈ ಹಂತದಲ್ಲಿ ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸಮಗ್ರ ವ್ಯವಸ್ಥಾ ವಿನ್ಯಾಸ ಎಂದರೇನು?

ಬೀದರ ನಗರದ ಅಂಚಿನಲ್ಲಿರುವ ನೌಬಾದಿನ ಕಾರೇಜನ್ನು ಈ ಭಾಗದ ಅನೇಕರು ನೋಡಿರುತ್ತಾರೆ. ಬಹಮನಿ ಅರಸರ ಕಾಲದ ಈ ಸುರಂಗ ನೀರಿನ ವ್ಯವಸ್ಥೆಯಲ್ಲಿ ಮೂಲ ಬಾವಿ ಒಂದೇ. ಅಲ್ಲಿಂದ ನೆಲದಡಿಯ ಕಾಲುವೆಯಲ್ಲಿ ಹರಿಯುವ ನೀರನ್ನು ದಾರಿಯುದ್ದಕ್ಕೂ ಕೊರೆದ ಹಲವು ಬಾವಿಗಳಿಂದ ಸೇದಿಕೊಳ್ಳಬಹುದು. ಯಾರೂ ತಮ್ಮ ಬಾವಿಗೆ ಬೇರೆ ಮೂಲವನ್ನು ಹುಡುಕಬೇಕಾಗಿಲ್ಲ.

ಸಮಗ್ರ ವ್ಯವಸ್ಥಾ ವಿನ್ಯಾಸದ ತತ್ತ್ವವೂ ಇದೇ ಆಗಿದೆ. ಒಂದು ಸಂಗತಿಯನ್ನು ಒಂದೇ ಕಡೆ, ಅದಕ್ಕೆ ಹೊಣೆಯಾದ ಇಲಾಖೆಯು ದಾಖಲಿಸಬೇಕು. ಉಳಿದ ಇಲಾಖೆಗಳು ಅದನ್ನು ಮತ್ತೆ ಬರೆದುಕೊಳ್ಳದೆ ಆ ಮೂಲದಿಂದಲೇ ಪಡೆಯಬೇಕು. ಜಮೀನಿನ ಹಕ್ಕಿಗೆ ಕಂದಾಯ ಇಲಾಖೆ, ನಕ್ಷೆಗೆ ಭೂಮಾಪನ ಇಲಾಖೆ, ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿ, ಬಿತ್ತಿದ ಬೆಳೆಗೆ ಬೆಳೆ ಸಮೀಕ್ಷೆ ಹೀಗೆ ಪ್ರತಿ ಸಂಗತಿಗೂ ಒಂದು ಮೂಲವಿರುತ್ತದೆ. ಈ ಮೂಲಗಳು ಯಾವುವು, ಅವು ಯಾವ ರೂಪದಲ್ಲಿ ಮಾಹಿತಿ ಕೊಡಬೇಕು, ಯಾರು ಅದನ್ನು ಪಡೆಯಬಹುದು, ತಪ್ಪಾದರೆ ಯಾರು ತಿದ್ದಬೇಕು ಎಂಬ ನಿಯಮಗಳ ಸಮೂಹವೇ ಮಾನದಂಡ.

ಮೂಲ ಬಾವಿಯ ನೀರು ಕೆಟ್ಟರೆ ಎಲ್ಲ ಬಾವಿಗಳ ನೀರೂ ಕೆಡುತ್ತದೆ. ಮೊದಲು ಪಹಣಿಯಲ್ಲಿನ ಒಂದು ತಪ್ಪು ಪಹಣಿಯಲ್ಲಿಯೇ ಉಳಿಯುತ್ತಿತ್ತು. ಜೋಡಣೆಯಾದ ವ್ಯವಸ್ಥೆಯಲ್ಲಿ ಅದೇ ತಪ್ಪು ವಿಮೆ, ಸಾಲ, ಪರಿಹಾರ, ಖರೀದಿ ಕೇಂದ್ರ ಎಲ್ಲ ಕಡೆಗೂ ಹೋಗುತ್ತದೆ. ಆದ್ದರಿಂದ ಮಾನದಂಡವು ಬಲಗೊಂಡಷ್ಟೂ ಮೂಲ ದಾಖಲೆಯನ್ನು ಸರಿಪಡಿಸಿಕೊಳ್ಳುವ ಅಗತ್ಯವೂ ಹೆಚ್ಚುತ್ತದೆ.

ಏಕರೂಪತೆ ಇಲ್ಲದಿದ್ದರೆ ಆಗುವ ನಷ್ಟ: ಒಂದು ಉದಾಹರಣೆ

ಜನವಾಡದ ರೈತರೊಬ್ಬರು 3 ಎಕರೆಯಲ್ಲಿ ಐದು ಸಾಲು ಸೋಯಾ ಅವರೆಗೆ ಒಂದು ಸಾಲು ತೊಗರಿಯಂತೆ ಬಿತ್ತಿದ್ದಾರೆ ಎಂದು ಭಾವಿಸೋಣ. ಸಾಲುಗಳ ಅಂತರ ಸಮನಾಗಿದ್ದರೆ 120 ಗುಂಟೆಯಲ್ಲಿ 100 ಗುಂಟೆ ಸೋಯಾ ಅವರೆ ಮತ್ತು 20 ಗುಂಟೆ ತೊಗರಿ ಆಗುತ್ತದೆ. ಈ ಒಂದೇ ಹೊಲದಲ್ಲಿ ಮೂರು ಬಗೆಯ ತೊಡಕುಗಳು ಉಂಟಾಗಬಹುದು.

ಮೊದಲನೆಯದು ಬೆಳೆಯ ಹೆಸರಿನ ತೊಡಕು. ವಿಮೆಯ ಅರ್ಜಿಯನ್ನು ಜುಲೈ ತಿಂಗಳಿನಲ್ಲಿ ಸೋಯಾ ಅವರೆ ಎಂದು ಸಲ್ಲಿಸಲಾಗಿರುತ್ತದೆ. ಜೂನ್ ತಿಂಗಳಿನಲ್ಲಿ ಬಿತ್ತಿದ ಸೋಯಾ ಅವರೆಯು ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ ಕಟಾವಾಗುತ್ತದೆ. ತೊಗರಿಯು ಡಿಸೆಂಬರ್ ಅಥವಾ ಜನವರಿಯವರೆಗೆ ಹೊಲದಲ್ಲಿರುತ್ತದೆ. ಸಮೀಕ್ಷೆಯು ತಡವಾಗಿ ನಡೆದರೆ ಛಾಯಾಚಿತ್ರದಲ್ಲಿ ತೊಗರಿ ಮಾತ್ರ ಕಾಣುತ್ತದೆ. ಆಗ ವಿಮೆಯಲ್ಲಿ ಒಂದು ಬೆಳೆ, ಸಮೀಕ್ಷೆಯಲ್ಲಿ ಇನ್ನೊಂದು ಬೆಳೆ ಆಗುತ್ತದೆ. ರೈತರು ಸುಳ್ಳು ಹೇಳಿಲ್ಲ, ಸಮೀಕ್ಷಕರೂ ಸುಳ್ಳು ಬರೆದಿಲ್ಲ. ಆದರೂ ಅರ್ಜಿಯು ತಿರಸ್ಕೃತವಾಗುವ ಸಂಭವವಿದೆ.

ಎರಡನೆಯದು ವಿಸ್ತೀರ್ಣದ ತೊಡಕು. 100 ಗುಂಟೆ ಎಂದರೆ 2 ಎಕರೆ 20 ಗುಂಟೆ, ಅಂದರೆ 2.50 ಎಕರೆ ಅಥವಾ ಸುಮಾರು 1.01 ಹೆಕ್ಟೇರ್. ಇದನ್ನೇ ಯಾರಾದರೂ 2.20 ಎಕರೆ ಎಂದು ನಮೂದಿಸಿದರೆ ಗಣಕಯಂತ್ರವು ಅದನ್ನು ದಶಮಾಂಶವೆಂದು ತಿಳಿದು 0.89 ಹೆಕ್ಟೇರ್ ಎಂದು ಲೆಕ್ಕ ಹಾಕುತ್ತದೆ. 12 ಗುಂಟೆ ಬೆಳೆಯು ಕಡತದಲ್ಲಿಯೇ ಮಾಯವಾಗುತ್ತದೆ. ವಿಮಾ ಮೊತ್ತ ಮತ್ತು ಪರಿಹಾರವನ್ನು ಹೆಕ್ಟೇರ್ ಲೆಕ್ಕದಲ್ಲಿ ನಿಗದಿಪಡಿಸುವುದರಿಂದ ಇದು ನೇರ ನಷ್ಟವಾಗುತ್ತದೆ.

ಮೂರನೆಯದು ಹೆಸರಿನ ತೊಡಕು. ಬೀದರ ಜಿಲ್ಲೆಯಲ್ಲಿ ಕನ್ನಡ, ಮರಾಠಿ, ಉರ್ದು ಮತ್ತು ತೆಲುಗು ಭಾಷೆಗಳು ಬಳಕೆಯಲ್ಲಿವೆ. ಪಹಣಿಯಲ್ಲಿ ಮಾಣಿಕಪ್ಪ ಎಂದಿರುವವರು ಆಧಾರ್‌ನಲ್ಲಿ ಮಾಣಿಕರಾವ್ ಎಂದೂ ಬ್ಯಾಂಕಿನಲ್ಲಿ ಮಾಣಿಕ್ ಎಂದೂ ಇರುವುದು ಸಾಮಾನ್ಯ. ಊರಿನ ಹೆಸರಿಗೂ ಇದು ಅನ್ವಯಿಸುತ್ತದೆ. ಜನವಾಡ ಎಂಬ ಹೆಸರಿನ ಗ್ರಾಮವು ಬೆಳಗಾವಿ ಜಿಲ್ಲೆಯಲ್ಲಿಯೂ ಇದೆ. ಹೆಸರನ್ನು ಮಾತ್ರ ನಂಬಿದ ವ್ಯವಸ್ಥೆಗೆ ಎರಡೂ ಒಂದೇ ಆಗಿ ಕಾಣುತ್ತವೆ.

ಮಾನದಂಡದ ಉದ್ದೇಶವು ಈ ಮೂರೂ ತೊಡಕುಗಳನ್ನು ನಿವಾರಿಸುವುದೇ ಆಗಿದೆ. ಬೆಳೆಗೆ ಒಂದು ಸಂಕೇತ, ವಿಸ್ತೀರ್ಣಕ್ಕೆ ಒಂದು ಮಾಪನ, ರೈತರಿಗೆ ಹಾಗೂ ಊರಿಗೆ ಒಂದೊಂದು ಸಂಖ್ಯೆ ನಿಗದಿಯಾದರೆ ಹೆಸರು ಹೇಗೆ ಬರೆದರೂ ಗುರುತು ಬದಲಾಗುವುದಿಲ್ಲ.

ಇದುವರೆಗಿನ ಪ್ರಗತಿ

ಈ ಚಿಂತನೆಯು ಕೃಷಿಯಲ್ಲಿ ಹುಟ್ಟಿದ್ದಲ್ಲ. 1987ರಲ್ಲಿ ಜಾನ್ ಝಾಕ್‌ಮನ್ ಅವರು ದೊಡ್ಡ ಸಂಸ್ಥೆಗಳ ಮಾಹಿತಿ ವ್ಯವಸ್ಥೆಗೂ ಕಟ್ಟಡದಂತೆ ನಕ್ಷೆ ಬೇಕು ಎಂಬುದನ್ನು ಪ್ರಬಂಧವೊಂದರಲ್ಲಿ ಮಂಡಿಸಿದರು. 1995ರಲ್ಲಿ ಟೋಗಾಫ್ ಎಂಬ ಮಾನದಂಡದ ಮೊದಲ ಆವೃತ್ತಿಯು ಹೊರಬಂದಿತು. ಸರ್ಕಾರಗಳು ಇದನ್ನು ತಮ್ಮ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸಿಕೊಂಡವು.

ಕರ್ನಾಟಕದಲ್ಲಿ ಇದರ ತಳಹದಿಯು ಭೂಮಿ ಯೋಜನೆಯಿಂದ ಆರಂಭವಾಯಿತು. 2000ದ ದಶಕದ ಆರಂಭದಲ್ಲಿ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿ, ಕೈಬರಹದ ಪಹಣಿಯನ್ನು ಕೈಬಿಡಲಾಯಿತು. 1956ಕ್ಕೆ ಮುಂಚೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ಬೀದರಿನಲ್ಲಿ ಹಳೆಯ ದಾಖಲೆಗಳು ಬೇರೆ ಭಾಷೆ ಮತ್ತು ಬೇರೆ ಪದ್ಧತಿಯಲ್ಲಿದ್ದವು. ಗಣಕೀಕರಣವು ಎಲ್ಲ ಭಾಗಗಳ ದಾಖಲೆಗಳನ್ನು ಒಂದೇ ನಮೂನೆಗೆ ತಂದಿತು. ಆದರೆ ಹಳೆಯ ದಾಖಲೆಯಲ್ಲಿದ್ದ ತಪ್ಪುಗಳು ಕೆಲವೆಡೆ ಹಾಗೆಯೇ ಮುಂದುವರಿದವು.

ಎರಡನೆಯ ಹಂತವೇ ಫ್ರೂಟ್ಸ್ ತಂತ್ರಾಂಶ. ಇದರಲ್ಲಿ ನೋಂದಾಯಿಸಿದ ಪ್ರತಿ ರೈತರಿಗೂ ಎಫ್‌ಐಡಿ ಎಂಬ ಗುರುತಿನ ಸಂಖ್ಯೆ ದೊರೆಯುತ್ತದೆ. ಆಧಾರ್, ಭೂಮಿಯ ಪಹಣಿ, ಬ್ಯಾಂಕ್ ಖಾತೆ ಹಾಗೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಜಾತಿ ಪ್ರಮಾಣಪತ್ರ ಈ ಸಂಖ್ಯೆಗೆ ಜೋಡಣೆಯಾಗುತ್ತವೆ. ಕೃಷಿ, ತೋಟಗಾರಿಕೆ, ರೇಷ್ಮೆ ಮೊದಲಾದ ಇಲಾಖೆಗಳು, ಬ್ಯಾಂಕುಗಳು ಮತ್ತು ಬೆಂಬಲ ಬೆಲೆ ಖರೀದಿ ಕೇಂದ್ರಗಳು ಇದೇ ಸಂಖ್ಯೆಯನ್ನು ಬಳಸುತ್ತವೆ. 2023ರಲ್ಲಿ ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದಾಗ, ಪರಿಹಾರವನ್ನು ಫ್ರೂಟ್ಸ್ ದತ್ತಾಂಶದ ಆಧಾರದ ಮೇಲೆ ನೇರವಾಗಿ ರೈತರ ಖಾತೆಗೆ ಜಮಾ ಮಾಡಲಾಯಿತು.

ಮೂರನೆಯದು ಬೆಳೆ ಸಮೀಕ್ಷೆ. ಮೊಬೈಲ್ ಆ್ಯಪ್ ಮೂಲಕ ಪ್ರತಿ ಹಿಸ್ಸಾದ ಬೆಳೆಯನ್ನು ಛಾಯಾಚಿತ್ರ ಸಹಿತ ದಾಖಲಿಸುವ ಪದ್ಧತಿ ಜಾರಿಗೆ ಬಂದಿತು. 2020ರ ಮುಂಗಾರಿನಿಂದ ರೈತರೇ ಸಮೀಕ್ಷೆ ಮಾಡಿಕೊಳ್ಳುವ ಅವಕಾಶ ದೊರೆಯಿತು. ದಾಖಲಾದ ಬೆಳೆಯನ್ನು ನೋಡಲು ಮತ್ತು ಆಕ್ಷೇಪಣೆ ಸಲ್ಲಿಸಲು ಬೆಳೆ ದರ್ಶಕ ಆ್ಯಪ್ ಇದೆ.

ರಾಷ್ಟ್ರ ಮಟ್ಟದಲ್ಲಿ ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು 2018ರಲ್ಲಿ ಇಂಡ್‌ಇಎ ಎಂಬ ವ್ಯವಸ್ಥಾ ವಿನ್ಯಾಸದ ಚೌಕಟ್ಟನ್ನು ಪ್ರಕಟಿಸಿತು. ಇದರಲ್ಲಿ ಕಾರ್ಯಸಾಧನೆ, ಸೇವೆ, ತಂತ್ರಾಂಶ, ದತ್ತಾಂಶ, ತಂತ್ರಜ್ಞಾನ, ಸಂಯೋಜನೆ, ಭದ್ರತೆ ಮತ್ತು ಆಡಳಿತ ಎಂಬ ಎಂಟು ಮಾದರಿಗಳಿವೆ. 2021ರ ಜೂನ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯವು ಕೃಷಿಗೆ ಪ್ರತ್ಯೇಕವಾದ ಐಡಿಯಾ ಎಂಬ ಚೌಕಟ್ಟಿನ ಸಮಾಲೋಚನಾ ಪತ್ರವನ್ನು ಹೊರತಂದು ಸಾರ್ವಜನಿಕರ ಅಭಿಪ್ರಾಯವನ್ನು ಕೇಳಿತು. ಈ ಚಿಂತನೆಯ ಮೇಲೆ ರೂಪುಗೊಂಡದ್ದೇ ಅಗ್ರಿಸ್ಟ್ಯಾಕ್. ಇದರಲ್ಲಿ ಮೂರು ಮೂಲ ದಾಖಲೆಗಳಿವೆ: ರೈತರ ನೋಂದಣಿ, ಭೌಗೋಳಿಕ ಗುರುತುಳ್ಳ ಗ್ರಾಮ ನಕ್ಷೆ ಮತ್ತು ಬಿತ್ತಿದ ಬೆಳೆಯ ನೋಂದಣಿ. ಇವುಗಳ ಒಡೆತನವು ರಾಜ್ಯಗಳಲ್ಲಿಯೇ ಉಳಿದು, ಸಾಮಾನ್ಯ ನಿಯಮಗಳ ಮೂಲಕ ಪರಸ್ಪರ ಜೋಡಣೆಯಾಗುತ್ತವೆ.

ಊರುಗಳಿಗೆ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ನಿರ್ದೇಶಿಕೆಯಲ್ಲಿ ಪ್ರತ್ಯೇಕ ಸಂಕೇತಗಳಿವೆ. ಜಮೀನಿನ ತುಂಡುಗಳಿಗೆ 14 ಅಂಕಿಗಳ ಭೂ ಆಧಾರ್ ಸಂಖ್ಯೆ ನೀಡುವ ಕಾರ್ಯವು 2021ರಲ್ಲಿ ಆರಂಭವಾಯಿತು. ಹೆಸರಿನ ಗೊಂದಲಕ್ಕೆ ಇವೇ ಪರಿಹಾರ.

ಮುಂದಿನ ಯೋಜನೆ

2024ರ ಸೆಪ್ಟೆಂಬರ್ 2ರಂದು ಕೇಂದ್ರ ಸಚಿವ ಸಂಪುಟವು 2,817 ಕೋಟಿ ರೂಪಾಯಿಗಳ ಡಿಜಿಟಲ್ ಕೃಷಿ ಅಭಿಯಾನಕ್ಕೆ ಅನುಮೋದನೆ ನೀಡಿತು. ಇದರಲ್ಲಿ ಕೇಂದ್ರದ ಪಾಲು 1,940 ಕೋಟಿ ರೂಪಾಯಿ. ಅಭಿಯಾನದ ಮುಖ್ಯ ಗುರಿಗಳು ಹೀಗಿವೆ:

1. ಒಟ್ಟು 11 ಕೋಟಿ ರೈತರಿಗೆ ಡಿಜಿಟಲ್ ಗುರುತಿನ ಸಂಖ್ಯೆ ನೀಡುವುದು. ಇದರಲ್ಲಿ 2024–25ರಲ್ಲಿ 6 ಕೋಟಿ, 2025–26ರಲ್ಲಿ 3 ಕೋಟಿ ಮತ್ತು 2026–27ರಲ್ಲಿ 2 ಕೋಟಿ ಎಂದು ಹಂಚಲಾಗಿದೆ.
2. ಡಿಜಿಟಲ್ ಬೆಳೆ ಸಮೀಕ್ಷೆಯನ್ನು 2024–25ರಲ್ಲಿ 400 ಜಿಲ್ಲೆಗಳಲ್ಲಿ, 2025–26ರಲ್ಲಿ ಎಲ್ಲ ಜಿಲ್ಲೆಗಳಲ್ಲಿ ನಡೆಸುವುದು.
3. ಸುಮಾರು 14.2 ಕೋಟಿ ಹೆಕ್ಟೇರ್ ಕೃಷಿ ಭೂಮಿಗೆ 1:10,000 ಪ್ರಮಾಣದ ಮಣ್ಣಿನ ನಕ್ಷೆ ಸಿದ್ಧಪಡಿಸುವುದು.
4. ಉಪಗ್ರಹ ಚಿತ್ರ, ಹವಾಮಾನ, ಮಣ್ಣು ಮತ್ತು ಬೆಳೆಯ ಮಾಹಿತಿಯನ್ನು ಒಗ್ಗೂಡಿಸುವ ಕೃಷಿ ನಿರ್ಧಾರ ಬೆಂಬಲ ವ್ಯವಸ್ಥೆಯನ್ನು ರೂಪಿಸುವುದು.

ಮೊದಲೇ ತಮ್ಮದೇ ವ್ಯವಸ್ಥೆ ಕಟ್ಟಿಕೊಂಡಿರುವ ಕರ್ನಾಟಕದಂತಹ ರಾಜ್ಯಗಳಿಗೆ ಎಲ್ಲವನ್ನೂ ಹೊಸದಾಗಿ ಆರಂಭಿಸುವ ಅಗತ್ಯವಿಲ್ಲ. ಇರುವ ದಾಖಲೆಯನ್ನು ಕೆಡಿಸದೆ ರಾಷ್ಟ್ರೀಯ ನಿಯಮಗಳಿಗೆ ಹೊಂದಿಸುವುದೇ ಇಲ್ಲಿನ ಮುಖ್ಯ ಕಾರ್ಯ.

ಇನ್ನೂ ಬಗೆಹರಿಯಬೇಕಾದ ಸಮಸ್ಯೆಗಳು

ಮಾನದಂಡವು ಕಾಗದದ ಮೇಲೆ ಸರಿಯಾಗಿದ್ದರೂ ಹೊಲದ ವಾಸ್ತವವು ಅದರ ಚೌಕಟ್ಟಿನಲ್ಲಿ ಸುಲಭವಾಗಿ ಕೂರುವುದಿಲ್ಲ. ಈ ಭಾಗದಲ್ಲಿ ವಿಶೇಷವಾಗಿ ನಾಲ್ಕು ಸಮಸ್ಯೆಗಳು ಕಂಡುಬರುತ್ತವೆ.

ಪೌತಿಯಾಗದ ಖಾತೆ: ತಂದೆ ಅಥವಾ ಅಜ್ಜನ ಹೆಸರಿನಲ್ಲಿಯೇ ಪಹಣಿ ಇದ್ದು, ಮಕ್ಕಳು ಸಾಗುವಳಿ ಮಾಡುತ್ತಿದ್ದರೆ ಆ ಜಮೀನನ್ನು ಮಕ್ಕಳ ಎಫ್‌ಐಡಿಗೆ ಸೇರಿಸಲು ಸಾಧ್ಯವಾಗುವುದಿಲ್ಲ. ವಿಧವೆಯರ ಹೆಸರು ಸೇರದಿರುವುದರಿಂದ ಅವರು ಸೌಲಭ್ಯದಿಂದ ಸಂಪೂರ್ಣವಾಗಿ ಹೊರಗುಳಿಯುತ್ತಾರೆ.

ಜಂಟಿ ಖಾತೆ: ಅಣ್ಣತಮ್ಮಂದಿರು ಮೌಖಿಕವಾಗಿ ಪಾಲು ಮಾಡಿಕೊಂಡು, ಪೋಡಿ ಮಾಡಿಸದಿದ್ದರೆ ಯಾರ ಭಾಗದಲ್ಲಿ ಯಾವ ಬೆಳೆ ಇದೆ ಎಂಬುದು ದಾಖಲೆಯಲ್ಲಿ ಸ್ಪಷ್ಟವಾಗುವುದಿಲ್ಲ.

ಲಾವಣಿ ಮತ್ತು ಪಾಲಿನ ಸಾಗುವಳಿ: ಕರ್ನಾಟಕ ಭೂ ಸುಧಾರಣಾ ಕಾಯ್ದೆಗೆ 1974ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ಕೆಲವು ವಿನಾಯಿತಿಗಳ ಹೊರತು ಗೇಣಿಯನ್ನು ನಿಷೇಧಿಸಿದೆ. ಹೀಗಾಗಿ ಲಾವಣಿಗೆ ಹೊಲ ಮಾಡುವವರ ಹೆಸರು ಪಹಣಿಯಲ್ಲಿ ಬರುವುದಿಲ್ಲ. ಬಂಡವಾಳ ಹೂಡಿ ಬೆಳೆ ಕಳೆದುಕೊಂಡವರು ಒಬ್ಬರಾದರೆ, ಪರಿಹಾರ ಬರುವುದು ಇನ್ನೊಬ್ಬರ ಖಾತೆಗೆ. ಪಹಣಿಯನ್ನೇ ಆಧಾರವಾಗಿ ಉಳ್ಳ ಯಾವ ವಿನ್ಯಾಸವೂ ಈ ಅಂತರವನ್ನು ತಾನಾಗಿಯೇ ತುಂಬಲಾರದು. ಇದಕ್ಕೆ ನೀತಿಯ ಮಟ್ಟದಲ್ಲಿಯೇ ನಿರ್ಧಾರ ಅಗತ್ಯ.

ಗಡಿಯಾಚೆಯ ಜಮೀನು: ಔರಾದ ಮತ್ತು ಭಾಲ್ಕಿ ತಾಲ್ಲೂಕುಗಳು ಮಹಾರಾಷ್ಟ್ರಕ್ಕೆ ಹೊಂದಿಕೊಂಡಿವೆ. ಎರಡೂ ಕಡೆ ಹೊಲ ಉಳ್ಳ ಕುಟುಂಬಗಳಿಗೆ ಆ ಕಡೆಯ ದಾಖಲೆ ಸಾತ್‌ಬಾರಾ, ಈ ಕಡೆಯದು ಪಹಣಿ. ಮಹಾರಾಷ್ಟ್ರವು 2021ರಲ್ಲಿ ಆರಂಭಿಸಿದ ಬೆಳೆ ದಾಖಲಾತಿಯ ಹೆಸರು ಇ–ಪೀಕ್ ಪಾಹಣಿ. ಅಂದರೆ ಗಡಿ ದಾಟಿದೊಡನೆ ಪಹಣಿ ಎಂಬ ಪದದ ಅರ್ಥವೇ ಬದಲಾಗುತ್ತದೆ. ಸಾಮಾನ್ಯ ಸಂಕೇತಗಳು ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಾಗಿಲ್ಲ.

ರೈತರು ಅನುಸರಿಸಬೇಕಾದ ಕ್ರಮಗಳು

ಬಿತ್ತನೆಗೆ ಮುಂಚೆ (ಏಪ್ರಿಲ್–ಮೇ)
• ಇತ್ತೀಚಿನ ಪಹಣಿಯನ್ನು ಪಡೆದು ಹೆಸರು, ಸರ್ವೆ ನಂಬರ್, ಹಿಸ್ಸಾ ಮತ್ತು ವಿಸ್ತೀರ್ಣವನ್ನು ಪರಿಶೀಲಿಸಬೇಕು.
• ರೈತ ಸಂಪರ್ಕ ಕೇಂದ್ರದಲ್ಲಿ ಎಫ್‌ಐಡಿ ವಿವರವನ್ನು ತೆರೆದು ನೋಡಬೇಕು. ತಮ್ಮ ಎಲ್ಲ ಸರ್ವೆ ನಂಬರ್‌ಗಳೂ ಅದರಲ್ಲಿ ಸೇರಿವೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಒಂದು ಹೊಲ ಮಾತ್ರ ಸೇರಿದ್ದರೆ ಉಳಿದ ಹೊಲದ ಪರಿಹಾರ ಬರುವುದಿಲ್ಲ.
• ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿ, ಅದು ಚಾಲ್ತಿಯಲ್ಲಿದೆಯೇ ಎಂದು ವಿಚಾರಿಸಬೇಕು.
• ಪೌತಿ ಖಾತೆ ಬಾಕಿ ಇದ್ದರೆ ಗ್ರಾಮ ಆಡಳಿತ ಅಧಿಕಾರಿಯವರನ್ನು ಸಂಪರ್ಕಿಸಿ ಅರ್ಜಿ ಸಲ್ಲಿಸಬೇಕು.

ವಿಮೆ ಮತ್ತು ಸಾಲದ ಸಮಯದಲ್ಲಿ (ಜೂನ್–ಜುಲೈ)
• ಬಿತ್ತಿದ ಬೆಳೆಯನ್ನೇ ವಿಮೆಯಲ್ಲಿ ನಮೂದಿಸಬೇಕು. ಬಿತ್ತನೆಯ ನಂತರ ಬೆಳೆ ಬದಲಾಯಿಸಿದ್ದರೆ ಕೊನೆಯ ದಿನಾಂಕದೊಳಗೆ ಬ್ಯಾಂಕಿಗೆ ಲಿಖಿತವಾಗಿ ತಿಳಿಸಬೇಕು.
• ಎಕರೆ ಮತ್ತು ಗುಂಟೆಯನ್ನು ಬಾಯಿಮಾತಿನಲ್ಲಿ ಹೇಳುವಾಗ ಎರಡು ಎಕರೆ ಇಪ್ಪತ್ತು ಗುಂಟೆ ಎಂದು ಪೂರ್ಣವಾಗಿ ಹೇಳಬೇಕು. ರಸೀದಿಯಲ್ಲಿನ ಹೆಕ್ಟೇರ್ ಅಂಕಿಯನ್ನು 2.47ರಿಂದ ಗುಣಿಸಿದರೆ ಎಕರೆ ದೊರೆಯುತ್ತದೆ.
• ರಸೀದಿಯನ್ನು ಹಂಗಾಮು ಮುಗಿಯುವವರೆಗೆ ಜೋಪಾನ ಮಾಡಬೇಕು.

ಬೆಳೆ ಸಮೀಕ್ಷೆಯ ಸಮಯದಲ್ಲಿ (ಜುಲೈ–ಸೆಪ್ಟೆಂಬರ್)
• ಎರಡೂ ಬೆಳೆಗಳು ಹೊಲದಲ್ಲಿರುವಾಗಲೇ ಸಮೀಕ್ಷೆ ಆಗುವಂತೆ ನೋಡಿಕೊಳ್ಳಬೇಕು. ಸಾಧ್ಯವಾದರೆ ರೈತರೇ ಆ್ಯಪ್ ಮೂಲಕ ದಾಖಲಿಸಬೇಕು.
• ಹೊಲದ ಒಳಗೆ ನಿಂತು ಛಾಯಾಚಿತ್ರ ತೆಗೆಯಬೇಕು. ಮಿಶ್ರ ಬೆಳೆಯಿದ್ದರೆ ಎರಡನ್ನೂ ಅವುಗಳ ವಿಸ್ತೀರ್ಣ ಸಹಿತ ದಾಖಲಿಸಬೇಕು.
• ಬೆಳೆ ದರ್ಶಕ ಆ್ಯಪ್‌ನಲ್ಲಿ ದಾಖಲೆಯನ್ನು ನೋಡಿ, ತಪ್ಪಿದ್ದರೆ ನಿಗದಿತ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಬೇಕು. ಕಟಾವಿನ ನಂತರ ಹೊಲದಲ್ಲಿ ಸಾಕ್ಷ್ಯ ಉಳಿಯುವುದಿಲ್ಲ.

ಎಲ್ಲ ಸಮಯದಲ್ಲಿಯೂ
• ಮೊಬೈಲ್‌ಗೆ ಬರುವ ಒಟಿಪಿಯನ್ನು ಯಾರಿಗೂ ದೂರವಾಣಿಯಲ್ಲಿ ಹೇಳಬಾರದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದೇ ರೂಪುಗೊಂಡಿದೆ. ಮಾಹಿತಿ ಕೇಳುವವರು ಯಾರು, ಯಾವ ಉದ್ದೇಶಕ್ಕೆ ಕೇಳುತ್ತಿದ್ದಾರೆ ಎಂಬುದನ್ನು ತಿಳಿದ ನಂತರವೇ ಒಪ್ಪಿಗೆ ನೀಡಬೇಕು.

ವಿಸ್ತರಣಾ ಕಾರ್ಯಕರ್ತರಿಗೆ ಸಲಹೆಗಳು

ತಪ್ಪನ್ನು ಕಂಡಲ್ಲಿಯೇ ತಿದ್ದುವ ಬದಲು ಮೂಲದಲ್ಲಿ ತಿದ್ದಿಸುವುದು ಮುಖ್ಯ. ವಿಮಾ ಅರ್ಜಿಯಲ್ಲಿ ವಿಸ್ತೀರ್ಣ ತಪ್ಪಾಗಿ ಕಂಡರೆ ಅದು ಪಹಣಿಯಿಂದ ಬಂದಿದೆಯೇ, ನಮೂದಿಸುವಾಗ ಆಗಿದೆಯೇ ಎಂಬುದನ್ನು ಮೊದಲು ಗುರುತಿಸಬೇಕು. ಪಹಣಿಯ ತಪ್ಪನ್ನು ಕಂದಾಯ ಇಲಾಖೆಯೇ ತಿದ್ದಬೇಕು. ಬೆಳೆಯ ತಪ್ಪನ್ನು ಸಮೀಕ್ಷೆಯ ಆಕ್ಷೇಪಣೆಯ ಮೂಲಕ ತಿದ್ದಬೇಕು. ಎಫ್‌ಐಡಿಯ ತಪ್ಪನ್ನು ರೈತ ಸಂಪರ್ಕ ಕೇಂದ್ರದಲ್ಲಿ ಸರಿಪಡಿಸಬೇಕು. ಈ ಮೂರು ಸಾಲುಗಳನ್ನು ಕೇಂದ್ರದ ಗೋಡೆಯ ಮೇಲೆ ಬರೆಸಿದರೂ ರೈತರ ಅಲೆದಾಟ ಗಣನೀಯವಾಗಿ ಕಡಿಮೆಯಾಗುತ್ತದೆ.

ಮುಂಗಾರಿಗೆ ಮುಂಚೆ ಪ್ರತಿ ಗ್ರಾಮದಲ್ಲಿ ಒಂದು ದಿನ ದಾಖಲೆ ಪರಿಶೀಲನಾ ಸಭೆ ನಡೆಸುವುದು ಸೂಕ್ತ. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರು ಮತ್ತು ಮಹಿಳಾ ರೈತರ ದಾಖಲೆಗಳನ್ನು ಮೊದಲು ನೋಡಬೇಕು. ಮಿಶ್ರ ಬೆಳೆಯ ಹೊಲಗಳ ಪಟ್ಟಿ ಮಾಡಿ, ಅವುಗಳ ಸಮೀಕ್ಷೆಯು ಸೋಯಾ ಅವರೆಯ ಕಟಾವಿಗೆ ಮುಂಚೆ ಮುಗಿಯುವಂತೆ ಸಮೀಕ್ಷಕರೊಂದಿಗೆ ಯೋಜಿಸಬೇಕು. ಪದೇ ಪದೇ ಕಂಡುಬರುವ ತಪ್ಪುಗಳನ್ನು ಬರೆದಿಟ್ಟು ತಾಲ್ಲೂಕು ಕಚೇರಿಗೆ ಸಲ್ಲಿಸಬೇಕು. ಮಾನದಂಡವನ್ನು ರೂಪಿಸುವವರಿಗೆ ಜನವಾಡದ ಹೊಲ ಕಾಣುವುದು ಇಂತಹ ವರದಿಗಳಿಂದಲೇ.

ಮುಕ್ತಾಯ

ಕೃಷಿ ದತ್ತಾಂಶದ ಏಕರೂಪ ವಿನ್ಯಾಸವು ಎರಡು ದಶಕಗಳಿಗೂ ಮೀರಿದ ಪ್ರಯತ್ನದ ಫಲ. ಪಹಣಿಯ ಗಣಕೀಕರಣದಿಂದ ಎಫ್‌ಐಡಿಗೆ, ಅಲ್ಲಿಂದ ಬೆಳೆ ಸಮೀಕ್ಷೆಗೆ, ಈಗ ರಾಷ್ಟ್ರೀಯ ಜೋಡಣೆಗೆ ಅದು ಬೆಳೆದಿದೆ. ಇನ್ನು ಮುಂದೆ ಒಂದು ದಾಖಲೆಯೇ ಹಲವು ಸೌಲಭ್ಯಗಳ ಬಾಗಿಲಾಗಲಿದೆ. ಆ ದಾಖಲೆಯು ಹೊಲದಲ್ಲಿ ಇರುವುದನ್ನೇ ಹೇಳಬೇಕಾದರೆ ಹೊಲದ ಒಡೆಯರು ಅದನ್ನು ಪ್ರತಿ ಹಂಗಾಮಿನಲ್ಲಿ ಒಮ್ಮೆಯಾದರೂ ಓದಬೇಕು. ಬಿತ್ತನೆಗೆ ಮುಂಚೆ ಬೀಜೋಪಚಾರ ಮಾಡುವಂತೆ ದಾಖಲೆ ಪರಿಶೀಲನೆಯನ್ನೂ ಹಂಗಾಮಿನ ಕೆಲಸಗಳಲ್ಲಿ ಒಂದಾಗಿ ರೂಢಿಸಿಕೊಳ್ಳುವುದು ಒಳಿತು.

ಹೆಚ್ಚಿನ ಮಾಹಿತಿಗಾಗಿ ರೈತ ಬಾಂಧವರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರ, ಗ್ರಾಮ ಆಡಳಿತ ಅಧಿಕಾರಿ ಅಥವಾ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.